ತೂಕಡಿಸುವ ಮುಳ್ಳು

ವಾಲ್ಪರೈಸೊ ಬಂದರಿನಿಂದ ಗುಡ್ಡದ ಮನೆಗಳಿಗೆ
ಹಳಿಯ ಮೇಲೆ ಏರುವ ಮರದ ಡಬ್ಬಿ ಎರಡು;
ಒಂದು ಇಳಿದರೇ ಇನ್ನೊಂದು ಮೇಲೆ.
ಕೆಳಗಿನ ಕಿಟಕಿಯಲ್ಲಿ ಚೀಟಿ ಹರಿಯುವವಳು ನಾನು,
ನೆಲಿದಾ. ಹತ್ತೊಂಬತ್ತು ವರ್ಷ.
ಜನರನ್ನು ಮೇಲಕ್ಕೆ ಕಳಿಸಿ ಕಳಿಸಿ
ಕುರ್ಚಿಗೇ ಬೇರು ಬಿಟ್ಟೆ.

ಏಪ್ರಿಲ್‌ನಲ್ಲಿ ಹೊಟ್ಟೆಯ ಮುಕ್ಕಾಲು ಕತ್ತರಿಸಿ ತೆಗೆದರು.
ಉಳಿದದ್ದು ಇಷ್ಟು, ಎಂದರು ಡಾಕ್ಟರು
ತಮ್ಮದೇ ಹೆಬ್ಬೆರಳು ಬಾಗಿಸಿ.
ಹೊಟ್ಟೆಕಿಚ್ಚನ್ನು ಮಾತ್ರ ಒಳಗೇ ಬಿಟ್ಟು ಹೊಲಿದರು.

ಪಕ್ಕದ ಹಾಸಿಗೆಯಲ್ಲಿದ್ದ ಮಿರೆಯಾ
ಸೆಪ್ಟೆಂಬರಿಗೆ ಮೂವತ್ತೊಂದು ಕಿಲೋ ಇಳಿದು
ಕೆಂಪು ಲಂಗದಲ್ಲಿ ಬಂದಳು. ಚೀಟಿ ಕೊಂಡಳು.
"ನಿನ್ನದೆಷ್ಟು?"
ಚಿಲ್ಲರೆ ಎಣಿಸುತ್ತಲೇ ಹೇಳಿದೆ: ಹನ್ನೊಂದು.
ಪಾಪ, ಎಂದು ಅವಳು ಅನ್ನಲಿಲ್ಲ.
ಅನ್ನದೆ ಇರಲು ಪಟ್ಟ ಕಷ್ಟ
ಗಾಜಿನ ಈಚೆಗೂ ಕಂಡಿತು.

ಸದ್ಯಕ್ಕೆ ಸಲೀಸಾಗಿ ಇಳಿಯುತ್ತಿರುವುದು ಕೂದಲೊಂದೇ.
ಬಾಚಣಿಗೆ ತುಂಬ, ಬಚ್ಚಲು ತುಂಬ.

ಭಾನುವಾರ ಅಣ್ಣನ ಮನೆ.
ನಾಲ್ಕು ಹೋಳಿನ ಬಿಸಿ ರೊಟ್ಟಿ ಮೇಜಿನ ನಡುವೆ
ಹಬೆಯಾಡುತ್ತಿದೆ, ಮೊದಲ ಹೆಸರು ಹಿಡಿದು ಕರೆಯುತ್ತಿದೆ.
ನನ್ನ ಮುಂದೆ ಕಾಫಿ ಬಟ್ಟಲಿನ ತಟ್ಟೆ, ಮಗುವಿನ ಚಮಚ,
ಮೂರು ಚಮಚ ಬೇಳೆ.
ಅತ್ತಿಗೆ ರೊಸಾಲ್ಬಾ ನೀರು ಬಗ್ಗಿಸುತ್ತ, ಯಾರಿಗೂ ಕೇಳಿಸದ ಹಾಗೆ,
ಎಂದರೆ ಎಲ್ಲರಿಗೂ ಕೇಳಿಸುವ ಹಾಗೆ:
"ಕದ್ದು ತಿನ್ನುತ್ತಿಲ್ಲ ತಾನೆ?"

ತಿಂದಿದ್ದೆ. ಒಂದೇ ಸಲ, ಜೂನ್‌ನಲ್ಲಿ.
ರೊಟ್ಟಿಯ ಮೆತ್ತನೆ ತಿರುಳು, ಬೆರಳುಗಾತ್ರ.
ಎದೆಯಲ್ಲಿ ಕಲ್ಲಾಗಿ ಕೂತು ಅರ್ಧ ಗಂಟೆ
ನನ್ನನ್ನು ಬಚ್ಚಲ ನೆಲದ ಮೇಲೆ ಮಂಡಿಯೂರಿಸಿತು.
ಅಷ್ಟಕ್ಕೆ ನಾಲ್ಕು ತಿಂಗಳ ಶಿಕ್ಷೆಯೆ?
ನ್ಯಾಯಾಧೀಶರು ಯಾರು, ಸ್ವಲ್ಪ ಹೇಳಿ.

ಗುರುವಾರ, ಕೆಲಸ ಮುಗಿಸಿ, ಔಷಧಿ ಅಂಗಡಿ.
ತೂಕದ ಯಂತ್ರ ನೂರು ಪೆಸೊ ನುಂಗಿ
ಅತ್ತಿತ್ತ ತಲೆಯಾಡಿಸಿ ತೋರಿಸಿತು: ನೂರಾ ನಾಲ್ಕು.
ಹೋದ ವಾರವೂ ನೂರಾ ನಾಲ್ಕು.
ಅದರ ಹಿಂದಿನ ವಾರವೂ.
ಶೂ ಬಿಚ್ಚಿದೆ. ಸ್ವೆಟರ್ ಬಿಚ್ಚಿದೆ.
ಅಮ್ಮನ ಬೆಳ್ಳಿ ಸರ ಬಿಚ್ಚಿ ಕೌಂಟರಿನ ಮೇಲಿಟ್ಟೆ.
ಉಸಿರನ್ನೂ ಹೊರಗೆ ಬಿಟ್ಟು ನಿಂತೆ.
ಮುಳ್ಳು ಅಲ್ಲೇ ತೂಕಡಿಸುತ್ತಿತ್ತು
ಮಧ್ಯಾಹ್ನದ ಕಾವಲುಗಾರನ ಹಾಗೆ.

ಹನಿಗೂಡಿದರೆ ಹಳ್ಳ, ಸರಿ.
ಹಳ್ಳ ಹನಿಹನಿಯಾಗಿ ಬತ್ತುವುದಕ್ಕೆ
ಯಾಕೆ ಯಾರೂ ಗಾದೆ ಕಟ್ಟಲಿಲ್ಲ?

ಹೊರಗೆ ಬಂದರೆ ಡಬ್ಬಿಗಳೆರಡೂ ನಡುದಾರಿಯಲ್ಲಿ
ಮುಖಾಮುಖಿ ನಿಂತಿದ್ದವು.
ಬೆಲಿಸಾರಿಯೊ ಗ್ರೀಸು ಮೆತ್ತಿದ ಕೈಯೆತ್ತಿ ಕೂಗಿದ:
"ಹಗ್ಗ ಸವೆದಿದೆ. ನಿಧಾನ ಆಗುತ್ತೆ, ನೆಲಿದಾ,
ಆದರೆ ಆಗುತ್ತೆ."
ನೀತಿ ಹೇಳಬೇಡ, ಬೋಲ್ಟು ಬಿಗಿ, ಎಂದೆ.

ನೂರಾ ಐವತ್ತೆಂಟು ಮೆಟ್ಟಿಲು.
ಬೈಯುತ್ತ ಹತ್ತಿದೆ: ಮಿರೆಯಾಳ ಲಂಗವನ್ನು,
ಮುಳ್ಳನ್ನು, ಅತ್ತಿಗೆಯ ನೀರಿನ ಜಗ್ಗನ್ನು,
ಬೈಗುಳ ಸಾಲದೆ ಸಮುದ್ರವನ್ನೂ.
ನೀಲಿ ಬಾಗಿಲ ಮುಂದೆ ಒಂಟಿಗಣ್ಣಿನ ಬೆಕ್ಕು
ಎಂದಿನಂತೆ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು.
ಪ್ರತಿಸಲ ಕೂರುತ್ತಿದ್ದದ್ದು ಅಲ್ಲೇ.
ಬೈಗುಳದ ಮಧ್ಯೆ ಕೂರುವುದು ಮರೆತೇಹೋಯಿತು.

"ಅಮ್ಮಾ! ನಿಲ್ಲಿ! ಸರ!"
ಕೆಳಗಿನಿಂದ ಔಷಧಿ ಅಂಗಡಿಯ ಹುಡುಗ,
ಕಡ್ಡಿಯಂಥವನು, ಇಪ್ಪತ್ತೂ ಆಗಿರಲಾರದು,
ಗೋಡೆ ಹಿಡಿದು ಏದುಸಿರು ಬಿಡುತ್ತ ಬಂದ.
"ಎಷ್ಟು... ಬೇಗ... ಹತ್ತುತ್ತೀರಿ..."
ಸಿಗರೇಟು ಬಿಡು, ಎಂದೆ.
ಬೇರೇನು ಹೇಳಲೂ ತೋಚಲಿಲ್ಲ.

ಅವನು ಇಳಿದು ಹೋದ ಮೇಲೆ
ಬೆಕ್ಕು ಕೆಳಗಿನಿಂದ ನನ್ನನ್ನೇ ನೋಡುತ್ತಿತ್ತು,
ಜಾಗ ಇನ್ನೂ ಬಿಟ್ಟುಕೊಂಡು.

ಸರ ಕೊರಳಿಗೆ ಹಾಕಿಕೊಂಡೆ.
ನೂರಾ ನಾಲ್ಕು,
ಮೇಲೊಂದಿಷ್ಟು ಬೆಳ್ಳಿ.